ನೀರಿನ ಮೇಲೆ ಎಳೆದ ಗೆರೆ

ಕನ್ನಡ ಓದಲು ಬರುವ, ಆದರೆ ಓದುವುದಕ್ಕೆ ಸ್ವಲ್ಪ ಸೋಮಾರಿಗಳಾದ ನನ್ನ ಪುಣೆಯ ಕನ್ನಡದ ಮಕ್ಕಳೇ, ಈ ಸಲ ನಿಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. "ಆಂಟಿ, ಪುಣೆಯಲ್ಲಿ ಎಲ್ಲಿಯ ಸಮುದ್ರ?" ಎಂದು ನೀವು ನಗಬಹುದು. ನಿಜ, ನಮ್ಮ ಪುಣೆಗೆ ಸಮುದ್ರವಿಲ್ಲ. ಇರುವುದು ಮುಳಾ ಮುಠಾ ನದಿಗಳು. ಅವುಗಳ ಈಗಿನ ಕಥೆ ಹೇಳದಿರುವುದೇ ವಾಸಿ. ಆದರೂ ಖಡಕ್ವಾಸಲಾದ ಕಡೆ ಹೋದಾಗ ಸ್ವಲ್ಪ ಗಮನಿಸಿ ನೋಡಿ. 1916ರಷ್ಟು ಹಿಂದೆ ಆರಂಭವಾದ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ದೇಶದ ಬಂದರುಗಳ ಪುಟ್ಟ ಮಾದರಿಗಳನ್ನು ಕಟ್ಟಿ, ಅಲೆ ಎಬ್ಬಿಸಿ, ಹೂಳು ಎಲ್ಲಿ ತುಂಬುತ್ತದೆಂದು ಅಭ್ಯಾಸ ಮಾಡುತ್ತಾರೆ. ಹತ್ತಿರದಲ್ಲೇ ಎನ್.ಡಿ.ಎ.ಯ ಹುಡುಗರು ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ನಡೆಸಿ ನೌಕಾಪಡೆಯ ಮೊದಲ ಪಾಠ ಕಲಿಯುತ್ತಾರೆ. ಇನ್ನು ನಮ್ಮಂಥ ಮೀನು ತಿನ್ನುವವರಿಗೆ ಗಣೇಶ ಪೇಠೆಯ ಮಾರುಕಟ್ಟೆ ಇದ್ದೇ ಇದೆ. ಸಮುದ್ರವೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಘಾಟಿ ಹತ್ತಿ ಬರುತ್ತದೆ. ಮೀನು ತಿನ್ನದ ಮನೆಯ ಮಕ್ಕಳು ಇಲ್ಲಿಗೇ ಪುಟ ಮಗುಚಬೇಡಿ. ನಿಮ್ಮ ಸ್ಕೂಟರಿನ ಪೆಟ್ರೋಲೂ ಮುಂದೆ ಬರುತ್ತದೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಜಗಳದಿಂದ. ನನ್ನ ತವರು ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯ ಒಂದು ಕಡಲತೀರದ ಊರು. 1994ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಎದುರು ಮನೆಯ ವಹಿನಿಯ ತವರು ಸಿಂಧುದುರ್ಗ ಜಿಲ್ಲೆಯ ಮಾಲವಣ. ಇಬ್ಬರೂ ಕಡಲಿನ ಹೆಣ್ಣುಮಕ್ಕಳು, ಇಬ್ಬರಿಗೂ ತೆಂಗಿನಕಾಯಿ ಇಲ್ಲದೆ ಅಡುಗೆ ಬಾರದು. ನನ್ನ ಮರಾಠಿಯನ್ನು ತಿದ್ದಿ ತೀಡಿದವರು ಅವರೇ. ನಾನು ಅಂಜಲ್ ಎಂದರೆ ಅವರು ಸುರಮಯಿ ಎನ್ನುವರು, ನಾನು ಮಾಂಜಿ ಎಂದರೆ ಅವರು ಪಾಪಲೇಟ್. ಬಂಗುಡೆಯ ವಿಷಯದಲ್ಲಿ ಮಾತ್ರ ನಮಗೆ ಭಾಷಾಂತರ ಬೇಕಾಗಲಿಲ್ಲ. ಅವರ ಬಾಂಗಡಾ ನಮ್ಮ ಬಂಗುಡೆಯೇ.

2018ರ ನವೆಂಬರಿನ ಒಂದು ಸಂಜೆ ವಹಿನಿ ಮುಖ ಊದಿಸಿಕೊಂಡು ಬಂದರು. ಮಾಲವಣದಿಂದ ಅವರ ಅಣ್ಣನ ಫೋನು ಬಂದಿತ್ತಂತೆ. "ನಿಮ್ಮ ಮಲ್ಪೆಯ ಟ್ರಾಲರುಗಳು ರಾತ್ರಿ ಬಂದು ನಮ್ಮ ಸಮುದ್ರ ಗುಡಿಸಿಕೊಂಡು ಹೋಗುತ್ತಿವೆ. ನಮ್ಮ ಅಣ್ಣನ ಬಲೆಯನ್ನೂ ಹರಿದು ಹಾಕಿದವು" ಎಂದರು. ನನಗೆ ಚುರುಕ್ಕೆಂದಿತು. "ನಿಮ್ಮ ಸಮುದ್ರ ಅಂದರೆ? ಸಮುದ್ರಕ್ಕೂ ಬೆಳಗಾವಿಯ ಹಾಗೆ ಗಡಿ ತಂಟೆ ಹಚ್ಚುತ್ತೀರಾ?" ಎಂದುಬಿಟ್ಟೆ. ಅದನ್ನು ಅನ್ನಬಾರದಿತ್ತು. ಒಂದು ವಾರ ನಮ್ಮ ಎರಡು ಮನೆಗಳ ನಡುವೆ ಬಟ್ಟಲುಗಳ ಓಡಾಟ ನಿಂತಿತು.

ನಾನು ಸಿಟ್ಟಿಗೆದ್ದದ್ದಕ್ಕೆ ಕಾರಣವಿತ್ತು. ನನ್ನ ಚಿಕ್ಕಪ್ಪನ ಮಗ ಮಲ್ಪೆಯ ಒಂದು ಟ್ರಾಲ್ ಬೋಟಿನ ತಾಂಡೇಲ. ತಾಂಡೇಲ ಎಂದರೆ ಬೋಟು ನಡೆಸುವವನು; ಮೀನು ಎಲ್ಲಿದೆಯೆಂದು ಅಂದಾಜು ಮಾಡುವವನೂ ಅವನೇ, ಸಿಗದಿದ್ದರೆ ಬೈಗುಳ ತಿನ್ನುವವನೂ ಅವನೇ. ಒಮ್ಮೆ ಹೊರಟರೆ ಹತ್ತು ಹನ್ನೆರಡು ದಿನ ನೀರಿನ ಮೇಲೆ. ನಾನು ಅವನಿಗೆ ಫೋನು ಮಾಡಿ "ಹೌದೇನೋ, ನೀವು ಮಹಾರಾಷ್ಟ್ರದ ನೀರಿಗೆ ಹೋಗುತ್ತೀರಾ?" ಎಂದು ಕೇಳಿದೆ. ಅವನು ನಮ್ಮೂರ ಮಾತಿನಲ್ಲೇ ನಕ್ಕು ಹೇಳಿದ: "ಮೀನ್ ಎಲ್ಲಿತ್ತೋ ಅಲ್ಲಿಗೆ ಹೋಯ್ಕ್ ಅಕ್ಕ. ಕಡ್ಲಲ್ ಯಾರಾರೂ ಗೆರಿ ಎಳ್ದ್ ಇಟ್ಟಿತ್ತಾ?"

ಎಳೆದಿಟ್ಟಿದ್ದಾರೆ. ಅದನ್ನು ತಿಳಿದುಕೊಳ್ಳಲು ನಾನು ಇಂಗ್ಲಿಷ್ ಬಿ.ಎ. ಓದಿದ್ದು ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಕಾಲೇಜಿನಲ್ಲಿ ಹೆಮಿಂಗ್ವೇಯ ಮುದುಕ ಮೀನುಗಾರನ ಕಥೆ ಓದಿ ಕಣ್ಣೀರು ಹಾಕಿದವಳು ನಾನು, ಆ ಮುದುಕನಿಗೆ ಮೈಲಿನ ಲೆಕ್ಕ ಯಾರೂ ಕೇಳಲಿಲ್ಲ. ಈಗ ಮಗನಿಂದ ಕಾಯ್ದೆಯನ್ನು ಪ್ರಿಂಟ್ ಹಾಕಿಸಿಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಮಧ್ಯಾಹ್ನದ ಹೊತ್ತು ಓದತೊಡಗಿದೆ.

ಭಾರತದ ಸಮುದ್ರ ವಲಯಗಳ ಕಾಯ್ದೆ ಬಂದದ್ದು 1976ರಲ್ಲಿ. ಪುಟ್ಟ ಕಾಯ್ದೆ, ಆದರೆ ಅದರೊಳಗೆ ಒಂದು ಅಗಾಧ ಪ್ರದೇಶ ಅಡಗಿದೆ. ಅದರ ಲೆಕ್ಕವೆಲ್ಲ ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್. ತೀರದಿಂದ 12 ಮೈಲಿನವರೆಗಿನ ನೀರು ದೇಶದ ಅಂಗಳವಿದ್ದ ಹಾಗೆ, ಪೂರ್ಣ ಒಡೆತನ. 12 ಮೈಲು ಎಂದರೆ ಸುಮಾರು 22 ಕಿಲೋಮೀಟರ್, ಸ್ವಾರಗೇಟಿನಿಂದ ಖಡಕ್ವಾಸಲಾ ದಾಟಿ ಸ್ವಲ್ಪ ಮುಂದಕ್ಕೆ ಹೋದಷ್ಟು. 24 ಮೈಲಿನ ತನಕ ಸುಂಕ, ಕಳ್ಳಸಾಗಣೆ ಮುಂತಾದವುಗಳ ಮೇಲೆ ಕಣ್ಣಿಡುವ ಅಧಿಕಾರ. 12 ಮೈಲಿನಾಚೆಯಿಂದ 200 ಮೈಲಿನವರೆಗೆ ವಿಶೇಷ ಆರ್ಥಿಕ ವಲಯ. 200 ಮೈಲು ಎಂದರೆ 370 ಕಿಲೋಮೀಟರ್. ಪುಣೆಯಿಂದ ಹೊರಟರೆ ಬೆಳಗಾವಿಯೂ ಹಿಂದೆ ಉಳಿಯುತ್ತದೆ. ಆ ವಲಯದ ನೀರಿನಲ್ಲಿ ಯಾವ ದೇಶದ ಹಡಗು ಬೇಕಾದರೂ ಹಾದುಹೋಗಬಹುದು. ಆದರೆ ನೀರಿನೊಳಗಿನ ಮೀನು, ನೆಲದಡಿಯ ಎಣ್ಣೆ, ಅನಿಲ, ಖನಿಜ ಇವೆಲ್ಲ ನಮ್ಮವು. ಎಲ್ಲ ಕೂಡಿಸಿದರೆ ಭಾರತಕ್ಕೆ ಹೀಗೆ ಸಿಕ್ಕಿದ್ದು 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ದೇಶಗಳು ಇದೇ ಲೆಕ್ಕಕ್ಕೆ ಒಪ್ಪಿ 1982ರಲ್ಲಿ ಜಮೈಕಾದಲ್ಲಿ ಸಮುದ್ರ ಕಾನೂನಿನ ಒಡಂಬಡಿಕೆಗೆ ಸಹಿ ಹಾಕಿದವು. ಅದು 1994ರಲ್ಲಿ ಜಾರಿಗೆ ಬಂತು, ಭಾರತ 1995ರಲ್ಲಿ ಅದನ್ನು ಸ್ಥಿರೀಕರಿಸಿತು.

ನಾನು ಮೇಲೆ ಪೆಟ್ರೋಲಿನ ಮಾತು ಆಡಿದೆನಲ್ಲ, ಅದು ಇಲ್ಲಿದೆ. 1974ರಲ್ಲಿ 'ಸಾಗರ ಸಮ್ರಾಟ್' ಎಂಬ ಕೊರೆಯುವ ಹಡಗು ಬಾಂಬೆ ಹೈಯಲ್ಲಿ ಎಣ್ಣೆ ಕಂಡಿತು. 1976ರಲ್ಲಿ ಉತ್ಪಾದನೆ ಶುರುವಾಯಿತು. ಅದು ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿದೆ. ಹೆಸರು ಬಾಂಬೆಯದಾದರೂ ಅದು ಮಹಾರಾಷ್ಟ್ರದ್ದಲ್ಲ, ಸಂವಿಧಾನದ 297ನೆಯ ವಿಧಿಯ ಪ್ರಕಾರ ಇಡೀ ದೇಶದ್ದು. ಎಣ್ಣೆಯ ವಿಷಯ ಹೀಗೆ ಸರಳ, ಏಕೆಂದರೆ ಎಣ್ಣೆ ಇದ್ದಲ್ಲಿ ಇರುತ್ತದೆ. ತೊಂದರೆ ಬರುವುದು ಈಜುವ ಸಂಪತ್ತಿನದು.

ನಮ್ಮ ಸಂವಿಧಾನ ಮೀನನ್ನು ಎರಡು ತುಂಡು ಮಾಡಿದೆ ಎಂದರೂ ಸರಿಯೇ. ಮೀನುಗಾರಿಕೆ ರಾಜ್ಯಗಳ ಪಟ್ಟಿಯಲ್ಲಿದೆ, ಆದರೆ 12 ಮೈಲಿನಾಚೆಯ ಮೀನುಗಾರಿಕೆ ಕೇಂದ್ರದ ಪಟ್ಟಿಯಲ್ಲಿದೆ. ಹಾಗಾಗಿ ಕರ್ನಾಟಕದ ತೀರದಿಂದ 12 ಮೈಲಿನೊಳಗೆ 1986ರ ಕರ್ನಾಟಕದ ಕಾಯ್ದೆ, ಮಹಾರಾಷ್ಟ್ರದ ತೀರದಿಂದ 12 ಮೈಲಿನೊಳಗೆ 1981ರ ಮಹಾರಾಷ್ಟ್ರದ ಕಾಯ್ದೆ. ಮಹಾರಾಷ್ಟ್ರದ ಪರವಾನಗಿ ಇಲ್ಲದ ಬೋಟು ಆ ನೀರಿನಲ್ಲಿ ಬಲೆ ಬಿಡುವಂತಿಲ್ಲ. 12 ದಾಟಿದ ಮೇಲೆ ಭಾರತದ ಯಾವ ರಾಜ್ಯದ ಬೋಟೂ ಹೋಗಬಹುದು. ಎಂದರೆ ವಹಿನಿ 'ನಮ್ಮ ಸಮುದ್ರ' ಎಂದದ್ದು ಬರೀ ಅಭಿಮಾನದ ಮಾತಲ್ಲ, ಕಾನೂನಿನ ಮಾತು. ನಮ್ಮ ಬೋಟುಗಳು ಒಳಗೆ ಬಂದಿದ್ದರೆ ತಪ್ಪು ನಮ್ಮ ಕಡೆಯದು. ಮಲ್ಪೆಯ ಬೋಟುಗಳು ಸಿಂಧುದುರ್ಗದ ನೀರಿನಲ್ಲಿ ಸಿಕ್ಕಿಬಿದ್ದು ದಂಡ ತೆತ್ತದ್ದೂ ಉಂಟು. 2021ರಲ್ಲಿ ಮಹಾರಾಷ್ಟ್ರ ತನ್ನ ಕಾಯ್ದೆ ತಿದ್ದಿದ ಮೇಲೆ ಆ ದಂಡ ಲಕ್ಷಗಳ ಲೆಕ್ಕಕ್ಕೆ ಏರಿದೆ.

ಮಲ್ಪೆಯಿಂದ ಮಾಲವಣಕ್ಕೆ ಸಮುದ್ರದ ಮೇಲೆ ಸುಮಾರು ಮುನ್ನೂರು ಕಿಲೋಮೀಟರ್. ನಡುವೆ ಉತ್ತರ ಕನ್ನಡದ ಇಡೀ ಕರಾವಳಿ ಇದೆ, ಗೋವಾ ಇದೆ. ಇಷ್ಟು ಡೀಸೆಲ್ ಸುಟ್ಟು ಏಕೆ ಹೋಗುತ್ತಾರೆ? ಅದಕ್ಕೆ ಉತ್ತರ ಹುಡುಕಲು ನಾನು ನನ್ನ ಬಾಲ್ಯಕ್ಕೇ ಹೋಗಬೇಕಾಯಿತು.

ನಾನು ಆರೇಳು ವರ್ಷದವಳಿದ್ದಾಗ ನಮ್ಮೂರಿನಲ್ಲಿ ಇನ್ನೂ ರಂಪಣಿ ಇತ್ತು. ನಿಮ್ಮಲ್ಲಿ ಆ ಹೆಸರು ಕೇಳಿದವರು ಕಡಿಮೆ. ರಂಪಣಿ ಎಂದರೆ ಬಹಳ ಉದ್ದದ ಬೀಸುಬಲೆ. ಅದರ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಉಳಿದ ಬಲೆ ತುಂಬಿಕೊಂಡು, ಕಡಲಿನೊಳಗೆ ಅರ್ಧಚಂದ್ರಾಕಾರ ಸುತ್ತಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುತ್ತಿದ್ದರು. ಆಮೇಲೆ ಎರಡೂ ಕಡೆ ಸಾಲಾಗಿ ನಿಂತು ಎಳೆಯುವುದು. ಒಂದು ಬಲೆಗೆ ಎಂಬತ್ತು ನೂರು ಜನ ಬೇಕು. ಗುಡ್ಡದ ಮೇಲೋ ತೆಂಗಿನ ಮರದ ಮೇಲೋ ಒಬ್ಬ ಕೂತು, ನೀರಿನ ಬಣ್ಣ ಕಪ್ಪಾದದ್ದು ಕಂಡು, ಬೂತಾಯಿಯ ಹಿಂಡು ಬಂತೆಂದು ಕೂಗುವನು. ನಮ್ಮ ಕುಂದಾಪುರದ ಬಾಯಲ್ಲಿ ಬೂತಾಯಿಗೆ ಬೈಗೆ ಎಂದು ಹೆಸರು. ಕೂಗು ಕೇಳಿದರೆ ನಾವು ಮಕ್ಕಳೂ ಹಗ್ಗಕ್ಕೆ ಕೈ ಹಚ್ಚುತ್ತಿದ್ದೆವು. ನಮ್ಮ ಕೈಯಿಂದ ಬಲೆ ಒಂದಿಂಚೂ ಸರಿಯುತ್ತಿರಲಿಲ್ಲವೆಂಬುದು ಬೇರೆ ಮಾತು. ಆದರೆ ಕೈ ಹಚ್ಚಿದವರಿಗೆಲ್ಲ ಒಂದು ಹಿಡಿ ಮೀನು ಸಿಗುತ್ತಿತ್ತು, ಅಮ್ಮನ ಎದುರು ಅದನ್ನು ಹಿಡಿದು ನಿಲ್ಲುವ ಗತ್ತೇ ಗತ್ತು. ಮೀನು ದಡಕ್ಕೆ ಬಂದರೆ ಮಾತ್ರ ಆ ಬಲೆಗೆ ಸಿಕ್ಕುವುದು. ಬಾರದಿದ್ದರೆ ಊರೆಲ್ಲ ಕೈಕಟ್ಟಿ ಕೂರಬೇಕು. ಈಗ ಯೋಚಿಸಿದರೆ, ಕಡಲಿಗೆ ಅದೇ ಒಂದು ರಕ್ಷಣೆಯಾಗಿತ್ತೋ ಏನೋ.

1970ರ ದಶಕದ ನಡುವಿನಲ್ಲಿ ಕರ್ನಾಟಕಕ್ಕೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರಲೆಂದು ಇವು ಕಾಯುವುದಿಲ್ಲ, ಹಿಂಡು ಇದ್ದಲ್ಲಿಗೇ ಹೋಗಿ ಸುತ್ತುವರಿದು ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿಯುತ್ತವೆ. ನೂರು ಜನರ ಕೆಲಸ ಇಪ್ಪತ್ತೈದು ಮೂವತ್ತು ಜನರಿಂದ ಆಯಿತು. ರಂಪಣಿಯವರಿಗೂ ಪರ್ಸೀನಿನವರಿಗೂ ದೊಡ್ಡ ಜಗಳಗಳೇ ಆದವು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮೂರ ರಂಪಣಿ ಬಲೆಗಳು ಹಿತ್ತಲಿನಲ್ಲಿ ತರಕಾರಿ ಬೇಲಿಗಳಾಗಿದ್ದವು. ಆಮೇಲೆ ಟ್ರಾಲ್ ಬೋಟುಗಳು ಹೆಚ್ಚಿದವು, ಎಂಜಿನುಗಳ ಶಕ್ತಿ ಹೆಚ್ಚಿತು, ಮೀನು ಹುಡುಕುವ ಯಂತ್ರ ಬಂತು. ಹತ್ತಿರದ ಮೀನು ಮುಗಿದಂತೆ ಬೋಟು ದೂರ ಹೋಗಬೇಕು. ದೂರ ಹೋಗಲು ದೊಡ್ಡ ಬೋಟು ಬೇಕು, ದೊಡ್ಡ ಬೋಟಿಗೆ ದೊಡ್ಡ ಸಾಲ. ಸಾಲ ತೀರಿಸಲು ಹೆಚ್ಚು ಮೀನು ಬೇಕು. ನನ್ನ ತಮ್ಮನ ಬೋಟು ಗೋವಾ ದಾಟಿ ಹೋಗುವುದು ದುರಾಸೆಯಿಂದಲೇ ಎಂದು ನಾನು ಹೇಳಲಾರೆ. ಹೋಗದಿದ್ದರೆ ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ.

ಇನ್ನು ಕೇಳಿ ಸೋಜಿಗ. ಜಗಳದ ವಾರ ಕಳೆದು ವಹಿನಿ ಒಂದು ಬಟ್ಟಲು ತಿಸರ್‍ಯಾ ಸುಕ್ಕೆ ತಂದರು, ಅದನ್ನು ನಾವು ಮಳಿ ಎನ್ನುತ್ತೇವೆ. ತಿನ್ನುತ್ತಾ ನಾನು ರಂಪಣಿಯ ಕಥೆ ಹೇಳಿದೆ. ಅವರು ಅರ್ಧಕ್ಕೇ ತಡೆದು, "ಅದು ನಮ್ಮ ರಾಪಣ! ನಮ್ಮಣ್ಣ ಈಗಲೂ ಎಳೆಯುವುದು ಅದನ್ನೇ!" ಎಂದರು. ಅದೇ ಬಲೆ, ಅದೇ ಸುತ್ತು, ಅದೇ ಪಾಲಿನ ಪದ್ಧತಿ. ನಮ್ಮಲ್ಲಿ ಸತ್ತ ರಂಪಣಿ ಮಾಲವಣದಲ್ಲಿ ಇನ್ನೂ ಉಸಿರಾಡುತ್ತಿದೆ. ಅಂದರೆ ನಮ್ಮೂರಿನ ಗಂಡಸರು ನಲವತ್ತು ವರ್ಷಗಳ ಹಿಂದೆ ಪರ್ಸೀನಿನವರ ಮೇಲೆ ಯಾವ ದೂರು ಹೇಳುತ್ತಿದ್ದರೋ, ಅದೇ ದೂರನ್ನು ಅವರ ಅಣ್ಣ ಈಗ ನಮ್ಮ ಹುಡುಗರ ಮೇಲೆ ಹೇಳುತ್ತಿದ್ದಾನೆ. ನನಗೆ ಮಳಿ ಗಂಟಲಲ್ಲಿ ಇಳಿಯಲಿಲ್ಲ. ಈ ಜಗಳ ಕನ್ನಡಿಗರಿಗೂ ಮರಾಠಿಗರಿಗೂ ಅಲ್ಲ. ಮಹಾರಾಷ್ಟ್ರದ ಒಳಗೇ ರಾಪಣದವರಿಗೂ ಅಲ್ಲಿನ ಪರ್ಸೀನಿನವರಿಗೂ ಹೊಡೆದಾಟವಿದೆ. 2016ರಲ್ಲಿ ಅಲ್ಲಿಯ ಸರಕಾರ ಪರ್ಸೀನ್ ಮೀನುಗಾರಿಕೆಯನ್ನು ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ಮಾತ್ರ ಎಂದು ಕಟ್ಟುಹಾಕಿತು. ಇತ್ತ ಕಾರವಾರದ ನಾಡದೋಣಿಯವರು ಗೋವಾದ ಬೋಟುಗಳ ಮೇಲೆ ದೂರುತ್ತಾರೆ. ಸಣ್ಣ ಬಲೆಗೂ ದೊಡ್ಡ ಬಲೆಗೂ ನಡೆದಿರುವ ಜಗಳಕ್ಕೆ ನಾವು ಭಾಷೆಯ ಅಂಗಿ ತೊಡಿಸುತ್ತೇವೆ.

ಆ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿಯೊಡನೆ ಹೊರಟಿತು. 15ರ ನಂತರ ಅದರ ಸುದ್ದಿಯಿಲ್ಲ. ಕೊನೆಗೆ ಇದ್ದದ್ದು ಮಹಾರಾಷ್ಟ್ರದ ಕಡಲಿನಲ್ಲಿ. ನನ್ನ ತಮ್ಮ ಬೇರೆ ಬೋಟಿನಲ್ಲಿ ಅದೇ ದಿನಗಳಲ್ಲಿ ಹೊರಗಿದ್ದ. ಅವನ ಫೋನು ಸಿಗುವ ತನಕ ಎರಡು ದಿನ ಅವನ ಹೆಂಡತಿ ನನಗೆ ಗಂಟೆಗೊಮ್ಮೆ ಫೋನು ಮಾಡುತ್ತಿದ್ದಳು. ಮಹಾರಾಷ್ಟ್ರದಲ್ಲಿರುವ ಅತ್ತಿಗೆಗೆ ಏನಾದರೂ ಗೊತ್ತಿರಬಹುದು ಎಂಬ ಆಸೆ ಅವಳಿಗೆ. ಪುಣೆಯ ಅಡುಗೆಮನೆಯಲ್ಲಿ ನಿಂತ ನನಗೆ ಏನು ಗೊತ್ತಿರುತ್ತದೆ? ನಾನು ಎದುರು ಮನೆಗೆ ಓಡಿದೆ. ವಹಿನಿ ಒಂದು ಮಾತೂ ಆಡದೆ ಮಾಲವಣದ ಅಣ್ಣನಿಗೆ ಫೋನು ಹಚ್ಚಿದರು. ಆತ ತನ್ನ ಗೆಳೆಯರಿಗೆಲ್ಲ ಹೇಳಿ ವಿಚಾರಿಸಿದ. ಬಲೆ ಹರಿಸಿಕೊಂಡವನು! ನನ್ನ ತಮ್ಮ ಸುಖವಾಗಿ ತಿರುಗಿ ಬಂದ. ಸುವರ್ಣ ತ್ರಿಭುಜದ ಏಳು ಮಂದಿ ಬರಲಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್, ಮಾಲವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಆ ಬೋಟಿನ ಅವಶೇಷವನ್ನು ಕಂಡುಹಿಡಿಯಿತು. 33 ಕಿಲೋಮೀಟರ್ ಎಂದರೆ 12 ಮೈಲಿನ ಗೆರೆಯ ಹೊರಗೆ. ಪತ್ರಿಕೆಯಲ್ಲಿ ಆ ಅಂಕಿ ಓದಿದಾಗ ನಾನು ಮೊದಲು ಮಾಡಿದ್ದು ಈ ಭಾಗಾಕಾರವನ್ನೇ. ಏಕೆ ಮಾಡಿದೆನೋ ತಿಳಿಯದು.

ಗೆರೆಯ ಹೊರಗೆ ಎಂಬ ಮಾತು ಬಂತಲ್ಲ, ಆ 12ರಿಂದ 200ರ ನಡುವಿನ ಪ್ರದೇಶದ ವಿಚಿತ್ರವನ್ನು ನೀವು ತಿಳಿಯಬೇಕು. ಹೊರದೇಶದ ಹಡಗುಗಳು ಅಲ್ಲಿ ಮೀನು ಹಿಡಿಯದಂತೆ 1981ರಲ್ಲೇ ಕಾನೂನಾಯಿತು. 1991ರ ನಂತರ ಸರಕಾರವೇ ಜಂಟಿ ಉದ್ಯಮದ ಹೆಸರಿನಲ್ಲಿ ವಿದೇಶೀ ಹಡಗುಗಳಿಗೆ ಬಾಗಿಲು ತೆರೆಯಿತು. ದೇಶದ ಮೀನುಗಾರರೆಲ್ಲ ಒಂದಾಗಿ ಮುಷ್ಕರ ಹೂಡಿದರು. ನಾನು ಪುಣೆಗೆ ಹೊಸಬಳಾಗಿ ಬಂದ ವರ್ಷವೇ ಅಂಥ ಒಂದು ಮುಷ್ಕರ ನಡೆದಿತ್ತು. ಮುರಾರಿ ಸಮಿತಿ 1996ರಲ್ಲಿ ಮೀನುಗಾರರ ಪರವಾಗಿ ವರದಿ ಕೊಟ್ಟಿತು. ಮಲ್ಪೆ, ಮಾಲವಣ, ಕೊಚ್ಚಿ ಎಂಬ ಭೇದ ಆಗ ಇರಲಿಲ್ಲ, ಎದುರಿಗೆ ನಿಂತವನು ಪರದೇಶಿಯಾಗಿದ್ದನಲ್ಲ!

ಆದರೆ ನಮ್ಮದೇ ಬೋಟುಗಳು ಅಲ್ಲಿ ಹೇಗೆ ಮೀನು ಹಿಡಿಯಬೇಕೆಂಬುದಕ್ಕೆ ಬಹುಕಾಲ ಸರಿಯಾದ ಕಟ್ಟಳೆಯೇ ಇರಲಿಲ್ಲ. ರಾಜ್ಯದ ಕೈ 12 ಮೈಲಿಗೆ ನಿಂತಿತು. ಕೇಂದ್ರದ ಕೈಯಲ್ಲಿ ಅಧಿಕಾರವಿತ್ತು, ಕಾನೂನು ಇರಲಿಲ್ಲ. ಹಾಗಾಗಿ ರಾಜ್ಯ ಬೇಡವೆಂದದ್ದನ್ನು ಹದಿಮೂರನೆಯ ಮೈಲಿನಲ್ಲಿ ಮಾಡಿದರೆ ಕೇಳುವವರಿಲ್ಲ. ಲೈಟ್ ಫಿಶಿಂಗ್ ಎಂದೊಂದಿದೆ. ಬೋಟಿನಲ್ಲಿ ಜನರೇಟರ್ ಇಟ್ಟು ಕಣ್ಣು ಕೋರೈಸುವ ಎಲ್.ಇ.ಡಿ. ದೀಪಗಳನ್ನು ನೀರಿಗೆ ಹಾಯಿಸುವುದು. ದೀಪಕ್ಕೆ ಹುಳು ಬಂದಂತೆ ಮೀನು ಬರುತ್ತದೆ, ಮರಿಗಳೂ ಬರುತ್ತವೆ, ಸುತ್ತ ಬಲೆ ಬಿಗಿಯುವುದು. ಬುಲ್ ಟ್ರಾಲ್ ಎಂದರೆ ಎರಡು ಬೋಟುಗಳು ಸೇರಿ ಒಂದೇ ದೊಡ್ಡ ಬಲೆ ಎಳೆಯುವುದು, ಎದುರಿಗೆ ಸಿಕ್ಕಿದ್ದೆಲ್ಲ ಒಳಗೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಇವೆರಡನ್ನೂ ಇಡೀ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ನಿಷೇಧವಾದ ಮೇಲೂ ರಾತ್ರಿ ಕಡಲಿನ ನಡುವೆ ಊರು ಎದ್ದಂತೆ ದೀಪ ಕಾಣುತ್ತದೆಂದು ತವರಿಗೆ ಹೋದಾಗ ನಾನೇ ಕೇಳಿದ್ದೇನೆ. ಕಟ್ಟಕಡೆಗೆ 2025ರ ನವೆಂಬರಿನಲ್ಲಿ ಆರ್ಥಿಕ ವಲಯದ ಮೀನುಗಾರಿಕೆಗೆ ಕೇಂದ್ರವು ನಿಯಮಗಳನ್ನು ಹೊರಡಿಸಿದೆ. ಯಾಂತ್ರಿಕ ಬೋಟುಗಳು 12 ಮೈಲು ದಾಟಬೇಕಾದರೆ ಆನ್‌ಲೈನಿನಲ್ಲಿ ಪಾಸು ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಅದು ಬೇಡ. ಗೆರೆ ಎಳೆದ 1976ರಿಂದ ಲೆಕ್ಕ ಹಾಕಿ, ಎಷ್ಟು ವರ್ಷವಾಯಿತೆಂದು! ಒಂದು ತಲೆಮಾರಿನ ಮೀನು ಹೋಯಿತು.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರು ಪ್ರತಿ ವರ್ಷ ಮೀನಿನ ಲೆಕ್ಕ ಇಡುತ್ತಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,500 ಟನ್ನಿಗಿಂತಲೂ ಕಡಿಮೆ. ಇದಕ್ಕೆ ಬಲೆಯೊಂದೇ ಕಾರಣವಲ್ಲ. ಸಮುದ್ರದ ಬಿಸಿ, ಮಳೆ, ಆಹಾರದ ಏರುಪೇರು ಇವುಗಳ ಜೊತೆ ಈ ಮೀನು ಏರುವುದು ಇಳಿಯುವುದು ಮೊದಲಿನಿಂದಲೂ ಉಂಟು. ಆದರೆ ಮೀನು ತಾನಾಗಿ ಕಡಿಮೆಯಾದ ವರ್ಷವೂ ಮರಿಗಳನ್ನು ಬಿಡದೆ ಬಾಚಿದರೆ ಮತ್ತೆ ಏಳುವುದು ಹೇಗೆ? ಬಾಚಿದ ಮರಿ ಮೀನಿಗೆ ನಿಮ್ಮ ತಟ್ಟೆಯಲ್ಲೂ ಜಾಗವಿಲ್ಲ. ಅದು ಮೀನುಪುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗೆ ಹೋಗಿ, ಸಿಗಡಿ ಸಾಕುವವರಿಗೆ ಮೇವಾಗುತ್ತದೆ. ಅದಕ್ಕಾಗಿಯೇ ಕರ್ನಾಟಕದಲ್ಲಿ ಟ್ರಾಲ್ ಬಲೆಯ ತುದಿಯ ಚೀಲದ ಕಣ್ಣು 35 ಮಿಲಿಮೀಟರಿನ ಚೌಕವಾಗಿರಬೇಕೆಂಬ ನಿಯಮವಿದೆ. ಸಾಮಾನ್ಯ ಬಲೆಯ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕದ ಕಣ್ಣು ತೆರೆದೇ ಇದ್ದು ಮರಿಗಳನ್ನು ಹೊರಗೆ ಬಿಡುತ್ತದೆ. ಒಳ್ಳೆಯ ಉಪಾಯ. ಆದರೆ ಮೀನು ಹೊರಗೆ ಹೋಗಲೆಂದು ಯಾವ ಮೀನುಗಾರ ತಾನಾಗಿ ಬಲೆ ಹೊಲಿಸುತ್ತಾನೆ, ಪಕ್ಕದ ಬೋಟಿನವನು ಹೊಲಿಸದಿದ್ದಾಗ?

ಮಳೆಗಾಲದ ನಿಷೇಧದ ಕಥೆಯೂ ಹಾಗೆಯೇ. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕವಿತ್ತು. 2015ರಿಂದ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, 61 ದಿನ. ಕೇರಳ ಮಾತ್ರ ತನ್ನ 12 ಮೈಲಿನೊಳಗೆ 52 ದಿನಕ್ಕೆ ನಿಲ್ಲಿಸಿದೆ. ಬಂಗುಡೆ ಕಾಸರಗೋಡಿಗೆ ಬಂದು ಕ್ಯಾಲೆಂಡರ್ ನೋಡಬೇಕು! ನಮ್ಮ ಹಿರಿಯರಿಗೆ ಈ ಲೆಕ್ಕ ಸರಕಾರ ಹೇಳಿಕೊಡಬೇಕಾಗಿರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡಿ, ಆಮೇಲೆ ದೋಣಿ ಇಳಿಸುವುದು. ವಹಿನಿಯವರಿಗೆ ಅದೇ ಹುಣ್ಣಿಮೆ ನಾರಳೀ ಪೌರ್ಣಿಮೆ. ಸರಕಾರದ ನಿಷೇಧ ಮುಗಿಯುವುದು ಹಲವು ವರ್ಷ ಆ ಹುಣ್ಣಿಮೆಗಿಂತ ಮೊದಲು. ಹಾಗಾಗಿ ಅವರ ಅಣ್ಣ ತೆಂಗಿನಕಾಯಿ ಹಿಡಿದು ದಡದಲ್ಲಿ ಹುಣ್ಣಿಮೆಗೆ ಕಾಯುತ್ತಿರುವಾಗ ದೊಡ್ಡ ಬೋಟುಗಳು ಒಂದು ಸುತ್ತು ಹೋಗಿ ಬಂದಿರುತ್ತವೆ.

ಗೆರೆಯ ಹೊರಗೆ ಬಿದ್ದ ಇನ್ನೊಂದನ್ನು ಹೇಳಿಬಿಡುತ್ತೇನೆ. ವಿಜಯದುರ್ಗದಿಂದ ನೂರು ಕಿಲೋಮೀಟರಿಗೂ ಆಚೆ ಆಂಗ್ರಿಯಾ ಬ್ಯಾಂಕ್ ಎಂಬ ಮುಳುಗಿದ ಪ್ರಸ್ಥಭೂಮಿಯಿದೆ. ಕಾನ್ಹೋಜಿ ಆಂಗ್ರೆಯ ಹೆಸರು ನಿಮಗೆ ಶಾಲೆಯ ಇತಿಹಾಸದಿಂದ ಗೊತ್ತಿರಬೇಕು, ಆತನದೇ ಹೆಸರು ಇದಕ್ಕೆ. ಅಲ್ಲಿ ಸೊಗಸಾದ ಹವಳದ ತೋಟಗಳಿವೆ, 2019ರಲ್ಲಿ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ನೋಡಿ ಬಂದರು. ಮಾಲವಣದ ದಡದ ಹತ್ತಿರದ ಸಮುದ್ರವನ್ನು ಮಹಾರಾಷ್ಟ್ರ 1987ರಲ್ಲೇ ಅಭಯಾರಣ್ಯವೆಂದು ಘೋಷಿಸಿತು. ಆಂಗ್ರಿಯಾವನ್ನು ಹಾಗೆ ಘೋಷಿಸಲು ರಾಜ್ಯಕ್ಕೆ ಕೈ ಎಟುಕುವುದಿಲ್ಲ. ಆಂಗ್ರೆಗೆ ಎಟುಕುತ್ತಿತ್ತು, ಆದರೆ ಆತನಿಗೆ ಬೇರೆ ಕೆಲಸಗಳಿದ್ದವು.

ಈಗ ನೀವು ಕೇಳಬಹುದು, ಕೊಥ್ರೂಡಿನಲ್ಲಿ ಕೂತ ನಾವು ಏನು ಮಾಡಬೇಕು ಆಂಟಿ ಎಂದು. ನಿಮ್ಮಲ್ಲಿ ಕೆಲವರು ಕಂಪ್ಯೂಟರ್ ಕಲಿತಿದ್ದೀರಿ. 2024ರ ಆಗಸ್ಟಿನಿಂದ ದೇಶದ ಒಂದು ಲಕ್ಷ ಬೋಟುಗಳಿಗೆ ಉಪಗ್ರಹದೊಡನೆ ಮಾತಾಡುವ ಯಂತ್ರ ಕೂರಿಸುವ ಯೋಜನೆ ನಡೆದಿದೆ. ಅದರಿಂದ ಬಿರುಗಾಳಿಯ ಸೂಚನೆಯೂ ಬರುತ್ತದೆ, ಗೆರೆ ದಾಟಿದರೆ ಅದೂ ತಿಳಿಯುತ್ತದೆ. ಅಂಥ ಕೆಲಸಕ್ಕೆ ಎರಡೂ ಕಡೆಯ ಮಾತು ಬಲ್ಲವರು ಬೇಕು. ಮಲ್ಪೆಯ ತಾಂಡೇಲನೊಡನೆ ಕನ್ನಡದಲ್ಲೂ ಮಾಲವಣದ ರಾಪಣದವನೊಡನೆ ಮರಾಠಿಯಲ್ಲೂ ಮಾತಾಡಬಲ್ಲವರು ನಿಮ್ಮನ್ನು ಬಿಟ್ಟು ಎಷ್ಟು ಜನ ಇದ್ದಾರೆ? ನಿಮ್ಮ ಅಪ್ಪ ಅಮ್ಮ ಎರಡು ಭಾಷೆ ಕಲಿಸಲು ಪಟ್ಟ ಪಾಡು ಬರೀ ಗಣೇಶೋತ್ಸವದ ನಾಟಕಕ್ಕಲ್ಲ. ಮತ್ತೆ ಇನ್ನೊಂದು, ಊರಿನ ಬೋಟು ಸಿಕ್ಕಿಬಿತ್ತೆಂಬ ಸುದ್ದಿ ಬಂದಾಗ ನನ್ನ ಹಾಗೆ ಮೊದಲು ಬೆಳಗಾವಿಯನ್ನು ಎಳೆದು ತರಬೇಡಿ. ಎಲ್ಲಿ ಸಿಕ್ಕಿಬಿತ್ತು, ಎಷ್ಟು ಮೈಲಿನಲ್ಲಿ, ಯಾವ ಬಲೆ ಎಂದು ಕೇಳಿ.

ನಾನಂತೂ ಗೃಹಿಣಿ, ನನ್ನ ಕೈಗೆ ಎಟುಕುವುದು ಸಂತೆಚೀಲ. 2023ರಲ್ಲಿ ಮಹಾರಾಷ್ಟ್ರ ಸರಕಾರ 54 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು. ಅದಕ್ಕಿಂತ ಚಿಕ್ಕದನ್ನು ಹಿಡಿಯಬಾರದು, ಮಾರಬಾರದು. ಪಾಪಲೇಟ್ 135 ಮಿಲಿಮೀಟರ್. ಕೇರಳದಲ್ಲಿ ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಎಂದು ಅದಕ್ಕೂ ಮೊದಲೇ ಆಗಿತ್ತು. ಮಗನ ಹಳೆಯ ಕಂಪಾಸ್ ಪೆಟ್ಟಿಗೆಯಿಂದ 15 ಸೆಂಟಿಮೀಟರಿನ ಪಟ್ಟಿಯೊಂದನ್ನು ತೆಗೆದು ಚೀಲದಲ್ಲಿ ಹಾಕಿಕೊಂಡೆ. ಗಣೇಶ ಪೇಠೆಯಲ್ಲಿ ಮೊದಲ ಸಲ ಅದನ್ನು ಹೊರತೆಗೆದಾಗ ನನ್ನ ಖಾಯಂ ಮೀನಿನವಳು ಸೊಂಟಕ್ಕೆ ಕೈಯಿಟ್ಟು, "ತಾಈ, ಬ್ಲೌಸ್ ಹೊಲಿಸಬೇಕಾ ಮೀನಿಗೆ?" ಎಂದಳು. ಸುತ್ತಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅಳೆದೆ. ಪಾಪಲೇಟ್ ಹನ್ನೊಂದೂವರೆ ಇತ್ತು, ಬೇಡವೆಂದೆ.

ಈಗ ನಾನು ದೂರದಿಂದ ಬರುವುದು ಕಂಡರೆ ಅವಳು ಚಿಕ್ಕ ಮೀನಿನ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿ, ಗೋಣಿ ಮುಚ್ಚಿ, ದೊಡ್ಡದನ್ನು ಮುಂದೆ ಹರಡುತ್ತಾಳೆ. "ಇದು ನಿಮ್ಮ ಪಟ್ಟಿಯದು" ಎನ್ನುತ್ತಾಳೆ. ನಾನು ತೆಗೆದುಕೊಂಡು ಬರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಆ ಗೋಣಿಯಡಿಯ ಬುಟ್ಟಿಯೂ ಖಾಲಿಯಾಗಿರುತ್ತದೆ.